ನಿಂಬೆಹಣ್ಣಿನ ಲೆಕ್ಕ

ಬೆಂಗಳೂರಿನಲ್ಲಿ ಒಂದು ದಿನಕ್ಕೆ ಎಷ್ಟು ಇಡ್ಲಿ ಖರ್ಚಾಗುತ್ತವೆ? ಒಂದು ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ? ಕರ್ನಾಟಕದಲ್ಲಿ ವರ್ಷಕ್ಕೆ ಎಷ್ಟು ಛತ್ರಿ ಮಾರಾಟವಾಗುತ್ತವೆ? ಮ್ಯಾನೇಜ್‌ಮೆಂಟ್ ಓದಿದವರು ಕೆಲಸದ ಸಂದರ್ಶನಕ್ಕೆ ಹೋದಾಗ ಇಂಥ ಪ್ರಶ್ನೆಗಳು ಎದುರಾಗುತ್ತವೆ. ಫೋನ್ ಮುಟ್ಟುವಂತಿಲ್ಲ. ಒಂದು ಬಿಳಿ ಹಾಳೆ, ಒಂದು ಪೆನ್ನು, ಐದೋ ಹತ್ತೋ ನಿಮಿಷ. ಸರಿಯುತ್ತರ ಕೇಳಿದವರಿಗೂ ಗೊತ್ತಿರುವುದಿಲ್ಲ. ಉತ್ತರದ ತನಕ ನೀವು ಯಾವ ದಾರಿಯಲ್ಲಿ ಹೋದಿರಿ ಎಂಬುದನ್ನಷ್ಟೇ ಅವರು ನೋಡುತ್ತಿರುತ್ತಾರೆ.

ಕ್ಯಾಂಪಸ್ಸಿನ ಭಾಷೆಯಲ್ಲಿ ಇದಕ್ಕೆ ‘ಗೆಸ್ಟಿಮೇಟ್’ ಎಂದು ಹೆಸರು. ಹೆಸರು ಹೊಸದಾದರೂ ಕೆಲಸ ನಮಗೆ ಹೊಸದಲ್ಲ. ಅಂದಾಜು, ಅಜಮಾಸು, ಅಡಸಟ್ಟೆ, ಕಣ್ಣಳತೆ ಎಂದು ಕನ್ನಡದಲ್ಲಿ ಇದಕ್ಕೆ ಎಷ್ಟೊಂದು ಮಾತುಗಳಿವೆ. ಮದುವೆಮನೆಯ ಅಡುಗೆಯವರು ಎಷ್ಟು ಎಲೆ ಬೀಳುತ್ತವೆ ಎಂದು ಕೇಳಿ, ಒಂದು ಕ್ಷಣ ಸುಮ್ಮನಿದ್ದು, ಅಕ್ಕಿ ಬೇಳೆ ತರಕಾರಿಯ ಪಟ್ಟಿ ಬರೆಸುತ್ತಾರಲ್ಲ, ಅದು ಗೆಸ್ಟಿಮೇಟೇ. ತಪ್ಪಿದರೆ ಕೊನೆಯ ಪಂಕ್ತಿಗೆ ಅನ್ನ ಇರುವುದಿಲ್ಲ, ಅಷ್ಟೆ.

ಗೃಹಬಳಕೆಯ ಖರ್ಚಿನ ಸಮೀಕ್ಷೆಗಳು ನನ್ನ ಪಿಎಚ್‌.ಡಿ. ವಿಷಯ. ಒಂದು ಮನೆ ತಿಂಗಳಿಗೆ ಎಷ್ಟು ಉಪ್ಪು, ಎಷ್ಟು ಸೋಪು, ಎಷ್ಟು ಎಣ್ಣೆ ಬಳಸುತ್ತದೆ ಎಂಬ ಅಂಕಿಗಳ ನಡುವೆಯೇ ದಿನ ಕಳೆಯುತ್ತೇನೆ. ಇದು ಗೊತ್ತಿದ್ದ ಎಂ.ಬಿ.ಎ. ಜೂನಿಯರ್‌ಗಳು ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ಹಾಸ್ಟೆಲಿನಲ್ಲಿ ಅಣಕು ಸಂದರ್ಶನ ಮಾಡಿ ಎಂದು ಬರುತ್ತಾರೆ. ಮೂರು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಈ ಪ್ರಶ್ನೆಗಳಲ್ಲಿ ಗುಣಾಕಾರ ಭಾಗಾಕಾರ ಕಷ್ಟದ ಭಾಗವಲ್ಲ ಎಂಬುದು ಅಲ್ಲಿಯೇ ನನಗೆ ಸ್ಪಷ್ಟವಾದದ್ದು.

ಈ ವಿದ್ಯೆಯ ಹಿರಿಯ ಎಂದು ಎಲ್ಲರೂ ಹೆಸರಿಸುವುದು ಭೌತವಿಜ್ಞಾನಿ ಎನ್ರಿಕೊ ಫರ್ಮಿಯನ್ನು. 1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ಮೊದಲ ಅಣುಬಾಂಬ್ ಸಿಡಿದಾಗ ಆತ ಸುಮಾರು ಹದಿನಾರು ಕಿಲೋಮೀಟರ್ ದೂರದಲ್ಲಿದ್ದ. ಸ್ಫೋಟದ ಗಾಳಿ ಬಂದು ತಾಕುವ ಹೊತ್ತಿಗೆ ಕೈಯಲ್ಲಿದ್ದ ಕಾಗದದ ಚೂರುಗಳನ್ನು ಬಿಟ್ಟ. ಅವು ಸುಮಾರು ಎರಡೂವರೆ ಮೀಟರ್ ಆಚೆ ಹೋಗಿ ಬಿದ್ದವು. ಅಷ್ಟರಿಂದಲೇ ಸ್ಫೋಟದ ಶಕ್ತಿ ಹತ್ತು ಸಾವಿರ ಟನ್ ಟಿಎನ್‌ಟಿಗೆ ಸಮ ಎಂದ. ಆಮೇಲಿನ ಮಾಪನಗಳ ಪ್ರಕಾರ ಅದು ಇಪ್ಪತ್ತು ಸಾವಿರಕ್ಕಿಂತ ತುಸು ಹೆಚ್ಚು. ಅರ್ಧದಷ್ಟು ತಪ್ಪಾಯಿತು ಎನ್ನಬಹುದು. ಆದರೆ ಅದು ಸಾವಿರವೂ ಅಲ್ಲ, ಲಕ್ಷವೂ ಅಲ್ಲ ಎಂದು ಕಾಗದದ ಚೂರಿನಿಂದ ಹೇಳುವುದು ಸಣ್ಣ ಮಾತಲ್ಲ.

ಷಿಕಾಗೊ ನಗರದಲ್ಲಿ ಪಿಯಾನೊ ಶ್ರುತಿ ಮಾಡುವವರು ಎಷ್ಟು ಜನ ಎಂಬ ಪ್ರಸಿದ್ಧ ಪ್ರಶ್ನೆಯೂ ಫರ್ಮಿಯ ಹೆಸರಿನಲ್ಲೇ ಓಡಾಡುತ್ತದೆ. ಜನಸಂಖ್ಯೆ 30 ಲಕ್ಷ ಎನ್ನಿ. ಮನೆಗೆ ಮೂವರಂತೆ 10 ಲಕ್ಷ ಮನೆ. ಇಪ್ಪತ್ತು ಮನೆಗೊಂದರಂತೆ 50 ಸಾವಿರ ಪಿಯಾನೊ. ಪ್ರತಿಯೊಂದಕ್ಕೂ ವರ್ಷಕ್ಕೊಮ್ಮೆ ಶ್ರುತಿ. ಒಬ್ಬ ದಿನಕ್ಕೆ ನಾಲ್ಕರಂತೆ 250 ದಿನ ದುಡಿದರೆ ಸಾವಿರ ಪಿಯಾನೊ. ಅಂದರೆ ಸುಮಾರು 50 ಜನ ಬೇಕು. ಇದು ಹೇಗೆ ನಿಜಕ್ಕೆ ಹತ್ತಿರ ಬರುತ್ತದೆ ಎಂದರೆ, ಒಂದು ಕಡೆ ಹೆಚ್ಚು ಹಿಡಿದಿದ್ದರೆ ಇನ್ನೊಂದು ಕಡೆ ಕಡಿಮೆ ಹಿಡಿದಿರುತ್ತೇವೆ. ಮೇಲಿನ ತಪ್ಪು, ಕೆಳಗಿನ ತಪ್ಪು ಒಂದನ್ನೊಂದು ಹೊಡೆದುಹಾಕುತ್ತವೆ.

ಆದರೆ ಇದಕ್ಕೊಂದು ಷರತ್ತಿದೆ. ತಪ್ಪುಗಳೆಲ್ಲ ಒಂದೇ ಕಡೆಗೆ ವಾಲಿರಬಾರದು. ವಾಲಿದ್ದರೆ ಅವು ಕಳೆದುಹೋಗುವುದಿಲ್ಲ, ಒಂದರ ಮೇಲೊಂದು ಗುಣಿಸಿಕೊಂಡು ಬೆಳೆಯುತ್ತವೆ. ಸಂದರ್ಶನದ ಗೈಡುಗಳು ಈ ಷರತ್ತಿಗೆ ಕೊಡಬೇಕಾದ ಜಾಗ ಕೊಡುವುದಿಲ್ಲ.

ಎರಡು ವರ್ಷದ ಹಿಂದೆ ಅಣಕು ಸಂದರ್ಶನಕ್ಕೆ ಬಂದ ಹುಡುಗಿಯೊಬ್ಬಳು ನಿಂಬೆಗೆ ಹೆಸರಾದ ಇಂಡಿ ತಾಲ್ಲೂಕಿನವಳು. ಹತ್ತನೆಯವರೆಗೆ ಕನ್ನಡ ಮಾಧ್ಯಮ. ಗೈಡಿನಲ್ಲಿದ್ದ ಪ್ರಶ್ನೆಯನ್ನೇ ಕೇಳಿದೆ: ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಈ ಕೋಣೆಯಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಸುತ್ತವೆ?

ಅವಳು ಪೆನ್ನು ಕೆಳಗಿಟ್ಟು ಕೇಳಿದಳು. “ಅಕ್ಕಾ, ನಾ ಗಾಲ್ಫ್ ಬಾಲ್ ನೋಡಿಲ್ಲರಿ. ನಿಂಬಿಹಣ್ಣಿನಷ್ಟ ಇರತದೇನ್ರಿ?”

ಸುಮಾರು ಅಷ್ಟೇ ಇರುತ್ತದೆ ಎಂದೆ. ಗಾಲ್ಫ್ ಚೆಂಡಿನ ವ್ಯಾಸ ನಾಲ್ಕು ಸೆಂಟಿಮೀಟರಿಗಿಂತ ತುಸು ಜಾಸ್ತಿ.

ಗೈಡಿನ ದಾರಿ ಹೀಗಿದೆ: ಒಂದು ಚೆಂಡಿನ ಗಾತ್ರ ಸುಮಾರು 40 ಘನ ಸೆಂಟಿಮೀಟರ್. ಸುರಿದ ಚೆಂಡುಗಳ ನಡುವೆ ಸಂದು ಉಳಿಯುವುದರಿಂದ ಜಾಗದ ಶೇ. 64ರಷ್ಟು ಮಾತ್ರ ತುಂಬುತ್ತದೆ. ಲೆಕ್ಕ ಹಾಕಿದರೆ ಒಂಬತ್ತು ಲಕ್ಷ ಚಿಲ್ಲರೆ ಬರುತ್ತದೆ. ಅವಳು ಆ ದಾರಿ ಹಿಡಿಯಲಿಲ್ಲ. ಅವರ ಮನೆಯಲ್ಲಿ ಒಂದು ಚೀಲಕ್ಕೆ ಸಾವಿರ ಹಣ್ಣು ತುಂಬುತ್ತಾರಂತೆ. ಮಲಗಿಸಿದ ಚೀಲ ಮೂರು ಗೇಣು ಉದ್ದ, ಎರಡು ಗೇಣು ಅಗಲ, ಒಂದು ಗೇಣು ದಪ್ಪ ಎಂದು ಗಾಳಿಯಲ್ಲಿ ಕೈಯಾಡಿಸಿ ತೋರಿಸಿದಳು. ಕೋಣೆ ಉದ್ದಕ್ಕೆ 22 ಗೇಣು, ಅಗಲಕ್ಕೆ 18, ಎತ್ತರಕ್ಕೆ 13. ಮೂರನ್ನೂ ಗುಣಿಸಿ ಆರರಿಂದ ಭಾಗಿಸಿ “850 ಚೀಲ, ಎಂಟೂವರಿ ಲಕ್ಷ” ಎಂದಳು.

“ನಡುವಿನ ಸಂದಿನ ಲೆಕ್ಕ ಎಲ್ಲಿ ಹೋಯ್ತು?” ಎಂದು ಕೇಳಿದೆ.

“ಚೀಲದಾಗ ಸಂದಿ ಇದ್ದೇ ಇರತದಲ್ರಿ ಅಕ್ಕಾ” ಎಂದಳು.

ಶೇ. 64 ಎಂಬ ಅಂಕಿ ಅವಳಿಗೆ ಬೇಕಾಗಿರಲಿಲ್ಲ. ಅದು ಚೀಲದೊಳಗೇ ಕೂತಿತ್ತು. ಫರ್ಮಿ ಈ ಉತ್ತರವನ್ನು ಮೆಚ್ಚುತ್ತಿದ್ದ ಎಂದು ನನ್ನ ನಂಬಿಕೆ.

ಅವಳ ನಿಜವಾದ ಸಂದರ್ಶನ ಇನ್ನೊಂದು ಥರ ನಡೆಯಿತು. ಕಂಪನಿಯ ಹೆಸರು ಇಲ್ಲಿ ಬೇಡ. ಕೇಳಿದ್ದು: ಕರ್ನಾಟಕದಲ್ಲಿ ವರ್ಷಕ್ಕೆ ಎಷ್ಟು ಹಲ್ಲುಜ್ಜುವ ಬ್ರಶ್ ಮಾರಾಟವಾಗುತ್ತವೆ? ಅವಳು ಜನಸಂಖ್ಯೆಯನ್ನು ಸುಮಾರು ಏಳು ಕೋಟಿ ಎಂದು ಹಿಡಿದಳು. 2011ರ ಜನಗಣತಿಯಲ್ಲಿ ಅದು 6.11 ಕೋಟಿ ಇತ್ತು, ಆಗ ನೂರಕ್ಕೆ ಸುಮಾರು 39 ಜನ ಪಟ್ಟಣವಾಸಿಗಳು. ಹಾಗಾಗಿ ಪಟ್ಟಣದ ಎರಡೂವರೆ ಕೋಟಿ ಜನ ವರ್ಷಕ್ಕೆ ಎರಡು ಬ್ರಶ್ ಕೊಳ್ಳುತ್ತಾರೆ ಎಂದಳು. ಹಳ್ಳಿಯ ನಾಲ್ಕೂವರೆ ಕೋಟಿಯಲ್ಲಿ ಹಲ್ಲುಪುಡಿಯವರು, ಬೇವಿನಕಡ್ಡಿಯವರು, ಹಲ್ಲಿಲ್ಲದ ಮುದುಕರು, ಹಲ್ಲು ಬಾರದ ಕೂಸುಗಳನ್ನು ಬಿಟ್ಟು ಮೂರು ಕೋಟಿ. ಅವರಿಗೆ ವರ್ಷಕ್ಕೆ ಒಂದು. ಒಟ್ಟು ಎಂಟು ಕೋಟಿ.

ಸಂದರ್ಶಕರು ತಡೆದರಂತೆ. ಮೂರು ತಿಂಗಳಿಗೊಮ್ಮೆ ಬ್ರಶ್ ಬದಲಿಸಬೇಕೆಂದು ದಂತವೈದ್ಯರು ಹೇಳುತ್ತಾರಲ್ಲ, ವರ್ಷಕ್ಕೆ ನಾಲ್ಕು ಹಿಡಿಯಿರಿ, ಸ್ವಲ್ಪ ರಿಯಲಿಸ್ಟಿಕ್ ಆಗಿ ಯೋಚಿಸಿ ಎಂದರಂತೆ. ಅವರ ಲೆಕ್ಕದಲ್ಲಿ ಉತ್ತರ 28 ಕೋಟಿ.

ಸಂಜೆ ಕ್ಯಾಂಟೀನಿನಲ್ಲಿ ಸಿಕ್ಕಾಗ ಹೇಳಿದಳು. “ನಮ್ಮನ್ಯಾಗ ಬ್ರಶ್ ಹಳೇದಾದ್ರೂ ಒಗಿಯೂದಿಲ್ಲರಿ ಅಕ್ಕಾ. ಅಪ್ಪನ ಗಾಡಿ ಚೈನ್ ತಿಕ್ಕಾಕ ಬೇಕಾಗತದ. ಅದನ್ನ ಹೇಳಿದ್ರ ನಕ್ಕರು.”

ಆ ಕೆಲಸ ಅವಳಿಗೆ ಸಿಗಲಿಲ್ಲ. ಬ್ರಶ್ಶೇ ಕಾರಣ ಎಂದು ನಾನು ಹೇಳಲಾರೆ. ಒಂದು ಸುತ್ತಿನಲ್ಲಿ ಹತ್ತಾರು ಕಾರಣ ಇರುತ್ತವೆ. ಸಂದರ್ಶಕರ ಕಡೆಯಿಂದಲೂ ಒಂದು ಮಾತಿದೆ. ಬೆಳಗಿನಿಂದ ಇಪ್ಪತ್ತು ಮಂದಿಯನ್ನು ನೋಡಿ ದಣಿದವರಿಗೆ ಅಭ್ಯರ್ಥಿ ಪ್ರಶ್ನೆಯನ್ನು ತುಂಡು ಮಾಡಬಲ್ಲಳೇ, ಗಾಬರಿಯಾಗದೆ ಮುಂದೆ ಹೋಗಬಲ್ಲಳೇ ಎಂಬುದಷ್ಟೇ ಬೇಕಿರಬಹುದು. ಆದರೂ 8 ಮತ್ತು 28ರ ನಡುವಿನ ಅಂತರವನ್ನು ನೋಡಿ. ಮೂರೂವರೆ ಪಟ್ಟು. ಇಬ್ಬರ ಗುಣಾಕಾರವೂ ಸರಿ. ಒಬ್ಬರು ವೈದ್ಯರ ಸಲಹೆಯನ್ನು ಜನರ ನಡವಳಿಕೆ ಎಂದುಕೊಂಡರು. ಇನ್ನೊಬ್ಬಳು ಬಚ್ಚಲಮನೆಯ ಗೂಡಿನಲ್ಲಿ ಕಂಡದ್ದನ್ನು ಹೇಳಿದಳು. ಎಲ್ಲರೂ ಬ್ರಶ್ ಬಳಸುತ್ತಾರೆ, ಎಲ್ಲರೂ ಮೂರು ತಿಂಗಳಿಗೆ ಬದಲಿಸುತ್ತಾರೆ ಎಂಬ ಎರಡೂ ಊಹೆಗಳು ಒಂದೇ ಥರದ ಮನೆಯಿಂದ ಬಂದವು, ಒಂದೇ ಕಡೆಗೆ ವಾಲಿದವು. ಮೇಲೆ ಹೇಳಿದ ಷರತ್ತು ಮುರಿಯುವುದು ಇಲ್ಲಿ. ನಾನು ಬ್ರಶ್ ಮಾರುವವಳಾಗಿದ್ದರೆ ಯಾರ ಲೆಕ್ಕ ನಂಬಿ ಕಾರ್ಖಾನೆ ಕಟ್ಟಿಸುತ್ತಿದ್ದೆ ಎಂದು ಹೇಳಬೇಕಿಲ್ಲ.

ಇಂಥ ಪ್ರಶ್ನೆಗಳಿಂದ ಒಳ್ಳೆಯ ಕೆಲಸಗಾರರು ಸಿಗುತ್ತಾರೆಯೇ ಎಂಬ ಅನುಮಾನ ದೊಡ್ಡ ಕಂಪನಿಗಳಿಗೂ ಬಂದದ್ದಿದೆ. ವಿಮಾನದಲ್ಲಿ ಗಾಲ್ಫ್ ಚೆಂಡು ತುಂಬಿಸುವಂಥ ಪ್ರಶ್ನೆಗಳು ಸಮಯ ವ್ಯರ್ಥ, ಅವುಗಳಿಂದ ಮುಂದಿನದೇನೂ ತಿಳಿಯುವುದಿಲ್ಲ ಎಂದು ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಜ್ಲೊ ಬಾಕ್ 2013ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹೇಳಿದರು. ಕೇಳುವವರು ತಾವು ಜಾಣರೆಂದು ಬೀಗಲು ಮಾತ್ರ ಉಪಯೋಗ ಎಂಬುದು ಅವರ ಮಾತಿನ ಸಾರ. ಆದರೂ ಕನ್ಸಲ್ಟಿಂಗ್ ಕಂಪನಿಗಳ ಕೋಣೆಗಳಲ್ಲಿ ಈ ಪ್ರಶ್ನೆಗಳು ಉಳಿದಿವೆ. ನನಗೆ ಅವು ಹೋಗಬೇಕೆಂದೇನೂ ಇಲ್ಲ. ಅಂದಾಜು ನಿಜಕ್ಕೂ ಒಂದು ವಿದ್ಯೆ. ಅದರ ಶಕ್ತಿ ಎಲ್ಲಿದೆ ಎಂದು ತೋರಿಸಲು ಫರ್ಮಿಗಿಂತ ನನಗೆ ಪ್ರಿಯವಾದ ಒಂದು ಕಥೆ ನಮ್ಮ ದೇಶದ್ದೇ ಇದೆ.

1947ರ ಗಲಭೆಯ ದಿನಗಳಲ್ಲಿ ದೆಹಲಿಯ ಕೆಂಪುಕೋಟೆಯೊಳಗೆ ದೊಡ್ಡ ಸಂಖ್ಯೆಯ ನಿರಾಶ್ರಿತರು ಸೇರಿದ್ದರು. ಅವರ ಊಟದ ಹೊಣೆ ಸರ್ಕಾರದ್ದು, ಸರಬರಾಜು ಗುತ್ತಿಗೆದಾರರದ್ದು. ಒಳಗೆ ಎಷ್ಟು ಜನ ಇದ್ದಾರೆಂದು ಯಾರಿಗೂ ತಿಳಿಯದು. ಬಿಲ್ಲು ಮಾತ್ರ ಏರುತ್ತಿತ್ತು. ಒಳಗೆ ಹೋಗಿ ಎಣಿಸುವ ಪರಿಸ್ಥಿತಿಯೂ ಇರಲಿಲ್ಲ. ಸಂಖ್ಯಾಶಾಸ್ತ್ರಜ್ಞರ ಕೈಗೆ ಸಿಕ್ಕಿದ್ದು ಗುತ್ತಿಗೆದಾರರ ಬಿಲ್ಲುಗಳಷ್ಟೆ: ಅಕ್ಕಿ ಇಷ್ಟು, ಬೇಳೆ ಇಷ್ಟು, ಉಪ್ಪು ಇಷ್ಟು. ಒಬ್ಬರಿಗೆ ದಿನಕ್ಕೆ ಎಷ್ಟು ಬೇಕು ಎಂಬುದು ಬಳಕೆಯ ಸಮೀಕ್ಷೆಗಳಿಂದ ಗೊತ್ತಿತ್ತು. ಭಾಗಿಸಿ ನೋಡಿದರೆ ಮೂರೂ ಬೇರೆ ಬೇರೆ ಸಂಖ್ಯೆ ಕೊಟ್ಟವು. ಅಕ್ಕಿಯ ಪ್ರಕಾರ ಜನ ಅತಿ ಹೆಚ್ಚು, ಉಪ್ಪಿನ ಪ್ರಕಾರ ಅತಿ ಕಡಿಮೆ. ಅವರು ಉಪ್ಪನ್ನು ನಂಬಿದರು. ಅಕ್ಕಿ ದುಬಾರಿ, ಹೆಚ್ಚು ಬರೆದರೆ ಲಾಭವುಂಟು. ಉಪ್ಪಿನಲ್ಲಿ ಸುಳ್ಳು ಬರೆದು ಗಳಿಸುವುದೇನು? ಹುಮಾಯೂನ್ ಸಮಾಧಿಯಲ್ಲಿದ್ದ ಚಿಕ್ಕ ಶಿಬಿರದಲ್ಲಿ ಇದೇ ಉಪಾಯವನ್ನು ಪರೀಕ್ಷಿಸಿದಾಗ ಸಂಖ್ಯೆ ಹತ್ತಿರ ಬಂದಿತ್ತು.

ಉಪಾಯ ಜೆ. ಎಂ. ಸೇನ್‌ಗುಪ್ತ ಅವರದ್ದು. ಕಥೆಯನ್ನು ‘ಸ್ಟಾಟಿಸ್ಟಿಕ್ಸ್ ಆ್ಯಂಡ್ ಟ್ರೂತ್’ ಪುಸ್ತಕದಲ್ಲಿ ಹೇಳಿದವರು ಸಿ. ಆರ್. ರಾವ್. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಈ ಕಥೆಯಲ್ಲಿ ಗಣಿತ ಇರುವುದು ಒಂದು ಭಾಗಾಕಾರದಷ್ಟು. ಉಳಿದದ್ದೆಲ್ಲ ಮನುಷ್ಯರ ತಿಳಿವಳಿಕೆ. ಯಾವ ಅಂಕಿ ಎಲ್ಲಿಂದ ಬಂತು, ಅದನ್ನು ಕೊಟ್ಟವರಿಗೆ ಏನು ಲಾಭ, ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಉಪ್ಪು ಬೇಕು ಎಂದು ಬಲ್ಲವರು ಯಾರು.

ಹಾಗಾಗಿ ಜೂನಿಯರ್‌ಗಳಿಗೆ ನಾನು ಹೇಳುವುದು ಕೆಲವೇ ಮಾತು. ಪ್ರಶ್ನೆ ಕೇಳಿದ ಕೂಡಲೇ ಲೆಕ್ಕಕ್ಕೆ ಇಳಿಯಬೇಡಿ. ಮಾರಾಟ ಎಂದರೆ ಅಂಗಡಿಯದ್ದೋ, ಹೋಟೆಲು ಹಾಸ್ಟೆಲುಗಳದ್ದೂ ಸೇರಿಯೋ ಎಂದು ಕೇಳಿಕೊಳ್ಳಿ. ಹಾಳೆಯ ಮೇಲೆ ಲಕ್ಷ ಕೋಟಿಯಲ್ಲೇ ಲೆಕ್ಕ ಮಾಡಿ, ಮಿಲಿಯನ್ ಬೇಕೆಂದರೆ ಕೊನೆಯಲ್ಲಿ ಒಮ್ಮೆ ಬದಲಿಸಿ. ನಡುವೆ ಬದಲಿಸಿದರೆ ಸೊನ್ನೆ ತಪ್ಪುತ್ತದೆ. ಉತ್ತರ ಬಂದ ಮೇಲೆ ಇನ್ನೊಂದು ದಿಕ್ಕಿನಿಂದ ಪರೀಕ್ಷಿಸಿ. ಕೊಳ್ಳುವವರ ಕಡೆಯಿಂದ ಹೋಗಿದ್ದರೆ ಅಂಗಡಿಗಳ ಕಡೆಯಿಂದ ಒಮ್ಮೆ ಬನ್ನಿ. ಪ್ರತಿ ಊಹೆಗೂ ಅದು ಎಲ್ಲಿಂದ ಬಂತೆಂದು ಹೇಳಿ. ಹೊಸ ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಅಮ್ಮ ಇದ್ದರೆ ಆ ಕ್ಯಾಲೆಂಡರೂ ಒಂದು ದತ್ತಾಂಶ. ‘ನಮ್ಮ ಮನೆಯಲ್ಲಿ ಹೀಗೆ, ಆದರೆ ಎಲ್ಲರ ಮನೆಯಲ್ಲೂ ಹೀಗೇ ಎನ್ನಲಾರೆ, ಅದಕ್ಕೇ ಎರಡು ಗುಂಪು ಮಾಡಿದ್ದೇನೆ’ ಎನ್ನಿ. ಸಂದರ್ಶಕರು ಬೇರೆ ಅಂಕಿ ಕೊಟ್ಟರೆ ಜಗಳ ಬೇಡ. ಎರಡೂ ಉತ್ತರವನ್ನು ಪಕ್ಕಪಕ್ಕ ಬರೆದು, ಅಂತರ ಹುಟ್ಟಿದ್ದು ಈ ಒಂದು ಊಹೆಯಿಂದ, ನಾಲ್ಕು ಕಿರಾಣಿ ಅಂಗಡಿಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ ಎಂದು ಹೇಳಿ.

ಇಂಡಿಯ ಹುಡುಗಿ ಈಗ ಬೇರೊಂದು ಕಂಪನಿಯಲ್ಲಿ ಹಳ್ಳಿಗಳ ಮಾರಾಟದ ಅಂದಾಜು ನೋಡಿಕೊಳ್ಳುತ್ತಾಳೆ. ಹೋದ ತಿಂಗಳು ಫೋನು ಮಾಡಿದ್ದಳು. ಹೊಸದಾಗಿ ಸೇರುವವರ ಸಂದರ್ಶನಕ್ಕೆ ಅವಳನ್ನೂ ಕೂರಿಸುತ್ತಾರಂತೆ, ಪ್ರಶ್ನೆ ಆರಿಸಿಕೊಳ್ಳುವುದು ಅವಳಿಗೇ ಬಿಟ್ಟದ್ದಂತೆ. ಏನು ಕೇಳುತ್ತೀ ಎಂದೆ.

“ಅವರ ಊರಾಗ ಏನು ಬೆಳಿತಾರ ಅಂತ ಮೊದಲ ಕೇಳತೀನ್ರಿ ಅಕ್ಕಾ” ಎಂದಳು. “ಆಮ್ಯಾಲೆ ಅದರ ಲೆಕ್ಕ.”