ಇಡ್ಲಿಗೆ ಎಷ್ಟು ಅಂಕ?

ಬಿ.ಎಡ್. ಓದುವಾಗ ಮೌಲ್ಯಮಾಪನದ ಪಾಠದಲ್ಲಿ ಕಲಿತ ಎರಡು ಪದಗಳು ನಿವೃತ್ತಿಯ ನಂತರವೂ ನನ್ನನ್ನು ಬಿಟ್ಟಿಲ್ಲ. ಒಂದು ಸಪ್ರಮಾಣತೆ, ಇನ್ನೊಂದು ವಿಶ್ವಸನೀಯತೆ. ಪರೀಕ್ಷೆಯು ತಾನು ಅಳೆಯಬೇಕಾದುದನ್ನೇ ಅಳೆಯಬೇಕು. ಮತ್ತೊಮ್ಮೆ ಅಳೆದಾಗಲೂ ಹೆಚ್ಚುಕಡಿಮೆ ಅದೇ ಫಲಿತಾಂಶ ಬರಬೇಕು. ಈಗ ತಿದ್ದಲು ಉತ್ತರಪತ್ರಿಕೆಗಳಿಲ್ಲ. ಹಾಗಾಗಿ ಈ ತತ್ತ್ವಗಳನ್ನು ಹೊಟೇಲಿನ ತಟ್ಟೆಗೆ ಅನ್ವಯಿಸುತ್ತಿದ್ದೇನೆ! "ತಿನ್ನಲು ಬಂದಿದ್ದೀರೋ, ತಿದ್ದಲು ಬಂದಿದ್ದೀರೋ?" ಎಂದು ನಮ್ಮ ಮನೆಯವರು ಕೇಳುವುದುಂಟು.

ಹೊಸ ಹೊಟೇಲಿಗೆ ಹೋದರೆ ನಾನು ಮೊದಲು ತರಿಸುವುದು ಇಡ್ಲಿ. ಎಣ್ಣೆ, ಮಸಾಲೆ, ಬಣ್ಣ ಯಾವುದರ ಮರೆಯೂ ಅದಕ್ಕಿಲ್ಲ. ಅಕ್ಕಿ, ಉದ್ದು, ಉಪ್ಪು, ನೀರು ಮತ್ತು ಕಾಲ, ಇಷ್ಟೇ ಅದರ ಬಂಡವಾಳ. ರುಬ್ಬಿಟ್ಟ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ದುಡಿದು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಉದ್ದಿನ ಅಂಟು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಟ್ಟು ಉಬ್ಬದಿದ್ದರೆ ಇಡ್ಲಿ ಕಲ್ಲು, ಹುಳಿ ಮಿತಿಮೀರಿದರೆ ಮುಖ ಕಿವುಚಬೇಕು. ಸೂಕ್ಷ್ಮಜೀವಿಗಳ ಪಾಠವನ್ನು ನಾನು ಇಡ್ಲಿ ಹಿಟ್ಟಿನಿಂದಲೇ ಆರಂಭಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇಡ್ಲಿಗೆ ಇತಿಹಾಸವೂ ದೊಡ್ಡದು. 10ನೆಯ ಶತಮಾನದ 'ವಡ್ಡಾರಾಧನೆ'ಯಲ್ಲಿ 'ಇಡ್ಡಲಿಗೆ'ಯ ಹೆಸರಿದೆ. 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಮಾಡುವ ವಿಧಾನವಿದೆ. ಅದರಲ್ಲಿ ಅಕ್ಕಿಯ ಮಾತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿ ನೋಡಿದವರು ತಾವೇ ಎಂದು, 1924ರಲ್ಲಿ ಆರಂಭವಾದ ಬೆಂಗಳೂರಿನ ಎಂ.ಟಿ.ಆರ್.ನವರು ಹೇಳುತ್ತಾರೆ. ಕೊರತೆಯೂ ಒಮ್ಮೊಮ್ಮೆ ಒಳ್ಳೆಯ ಗುರುವೇ ಸರಿ.

ಇನ್ನು ದೋಸೆಯ ವಿಷಯ. ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನದ ಮಸಾಲೆದೋಸೆ ದಪ್ಪ, ಹೊರಗೆ ಗರಿಗರಿ. ಮೈಸೂರಿನ ಮೈಲಾರಿ ದೋಸೆ ಬಾಯಲ್ಲಿಟ್ಟರೆ ಕರಗುವಷ್ಟು ಮೆತ್ತಗೆ. ದಾವಣಗೆರೆಯ ಬೆಣ್ಣೆದೋಸೆಯ ಪಲ್ಯಕ್ಕೆ ಅರಿಸಿನವಿಲ್ಲ, ಅದು ಬೆಳ್ಳಗೇ ಇರಬೇಕು. ದಾವಣಗೆರೆಯಲ್ಲಿ ಕುಳಿತು "ಕೆಂಪು ಚಟ್ನಿ ಎಲ್ಲಿ?" ಎಂದು ಗೊಣಗುವುದು ಪಠ್ಯದಲ್ಲಿಲ್ಲದ ಪ್ರಶ್ನೆ ಕೇಳಿ ಮಗುವನ್ನು ನಪಾಸು ಮಾಡಿದಂತೆ. ಉಡುಪಿ ಕಡೆಯ ಸಾಂಬಾರಿನಲ್ಲಿ ಬೆಲ್ಲದ ಸಿಹಿ ಇದ್ದರೆ ಅದು ದೋಷವಲ್ಲ, ಗುಣ. ಇದು ಸಪ್ರಮಾಣತೆಯ ಪಾಠ.

ವಿಶ್ವಸನೀಯತೆಯ ಪಾಠವನ್ನು ಇಂದಿನವರು ಮರೆತಂತಿದೆ. ಒಂದು ದಿನ ಕಾಫಿ ಆರಿತ್ತೆಂದು ಮೊಬೈಲಿನಲ್ಲಿ ಒಂದೇ ನಕ್ಷತ್ರ ಒತ್ತಿ ಎದ್ದು ಹೋಗುತ್ತಾರೆ. ಒಂದು ಕಿರುಪರೀಕ್ಷೆಯಿಂದ ಮಗುವಿನ ಇಡೀ ವರ್ಷವನ್ನು ನಿರ್ಧರಿಸಲು ನಾವು ಒಪ್ಪುತ್ತಿದ್ದೆವೇ? ಕನಿಷ್ಠ ಮೂರು ಬಾರಿ, ಬೇರೆ ಬೇರೆ ಹೊತ್ತಿನಲ್ಲಿ ತಿಂದ ಮೇಲೆಯೇ ಅಭಿಪ್ರಾಯ ಹೇಳಬೇಕೆಂಬುದು ನನ್ನ ನಿಯಮ.

ಈ ನಿಯಮ 2025ರಲ್ಲಿ ನನ್ನನ್ನೇ ಪರೀಕ್ಷೆಗೆ ಒಡ್ಡಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮೂರಿನಲ್ಲಿ ಸಣ್ಣ ಹೊಟೇಲು ನಡೆಸುತ್ತಾನೆ. ಅವನನ್ನು ಬಿಟ್ಟು ನಾಲ್ಕು ಜನ ಕೆಲಸಗಾರರು. ಇಡ್ಲಿ ಎಂದಿನಂತೆ ಹೂವಿನಂತಿತ್ತು; ಚಟ್ನಿ ಮಾತ್ರ ನೀರಾಗಿ, ಹುರಿಗಡಲೆಯೇ ಮುಂದಾಗಿತ್ತು. ಎರಡನೆಯ ಬಾರಿಯೂ ಹಾಗೆಯೇ, ಮೂರನೆಯ ಬಾರಿಯೂ ಹಾಗೆಯೇ. ಗಲ್ಲಾದ ಮುಂದೆ ಜನ ಕರಗುವವರೆಗೆ ಕಾದು, ಅವನೊಬ್ಬನಿಗೇ ಕೇಳುವಂತೆ ಹೇಳಿದೆ: "ಇಡ್ಲಿಗೆ ಹತ್ತಕ್ಕೆ ಒಂಬತ್ತು ಕಣಪ್ಪಾ. ಚಟ್ನಿಗೆ ನಾಲ್ಕೂ ಕೊಡಲಾರೆ."

ಅವನ ಮುಖ ಸಣ್ಣದಾಯಿತು. "ಕಾಯಿ ಬೆಲೆ ನಿಮಗೆ ಗೊತ್ತಲ್ಲ ಸಾರ್. ತಟ್ಟೆಗೆ ಐದು ರೂಪಾಯಿ ಏರಿಸಿದರೆ ದಿನಾ ಬರುವ ಆಟೋದವರು, ಗಾರೆ ಕೆಲಸದವರು ಎದುರಿನ ಗಾಡಿಗೆ ಹೋಗ್ತಾರೆ. ಒಬ್ಬ ಹುಡುಗನನ್ನು ಕೆಲಸದಿಂದ ಬಿಡಿಸಬೇಕು, ಇಲ್ಲವೇ ಕಾಯಿ ಕಡಿಮೆ ಮಾಡಬೇಕು. ನಾನು ಕಾಯಿ ಕಡಿಮೆ ಮಾಡಿದೆ" ಎಂದ.

ಆ ವರ್ಷ ತೆಂಗಿನಕಾಯಿ ಬೆಲೆ ಏರಿದ್ದು ನಮ್ಮ ಅಡುಗೆಮನೆಗೂ ತಿಳಿದಿತ್ತು. ಅವನ ಉತ್ತರದ ಮುಂದೆ ನಾನು ಸ್ವಲ್ಪ ಹೊತ್ತು ಮೌನವಾದೆ. ಆದರೂ ಅಂಕವನ್ನು ಬದಲಿಸಲಿಲ್ಲ. ಮನೆಯ ಕಷ್ಟ ನೋಡಿ ಮಗುವಿಗೆ ಊಟ ಹಾಕಬಹುದು, ತಪ್ಪು ಲೆಕ್ಕಕ್ಕೆ ಅಂಕ ಹಾಕಲಾಗದು. "ಹಾಗಾದರೆ ನೀರು ಬೆರೆಸಿ ಮುಚ್ಚಿಡಬೇಡ. ಹುಡುಗನೂ ಇರಲಿ. ಕಾಯಿ ಬಿಟ್ಟು ಟೊಮೆಟೊ ಈರುಳ್ಳಿ ಚಟ್ನಿಯನ್ನೇ ರುಚಿಯಾಗಿ ಮಾಡು, ಕಾರಣವನ್ನು ಹಲಗೆಯ ಮೇಲೆ ಬರೆ" ಎಂದೆ. "ನೋಡ್ತೀನಿ ಸಾರ್" ಎಂದ. ಕಾಫಿಯ ದುಡ್ಡು ಬೇಡವೆಂದ. ನಾನು ಕೊಟ್ಟೇ ಬಂದೆ.

ಈಗ ಅಲ್ಲಿ ವಾರದಲ್ಲಿ ನಾಲ್ಕು ದಿನ ಟೊಮೆಟೊ ಚಟ್ನಿ, ಮೂರು ದಿನ ಗಟ್ಟಿ ಕಾಯಿಚಟ್ನಿ. ಗಾರೆ ಕೆಲಸದವರಲ್ಲಿ ಕೆಲವರು ಗಾಡಿಗೆ ಹೋದದ್ದೂ ನಿಜ. ಆದರೆ ಆ ಹುಡುಗ ಇನ್ನೂ ಅಲ್ಲೇ ಇದ್ದಾನೆ.

ನನ್ನ ಪ್ರೀತಿಯ ವಿದ್ಯಾರ್ಥಿಗಳೇ, ಬಂಧುಗಳೇ, ನೀವು ಎಲ್ಲಿ ಉಂಡರೂ ರುಚಿಯನ್ನು ನಿಷ್ಠುರವಾಗಿಯೇ ಅಳೆಯಿರಿ. ಆದರೆ ಫಲಿತಾಂಶವನ್ನು ಊರಿಗೆಲ್ಲ ಸಾರುವ ಮುನ್ನ ಒಲೆಯ ಮುಂದೆ ನಿಂತವರಿಗೆ ಹೇಳಿ. ತಿದ್ದಿಕೊಳ್ಳಲು ಅವಕಾಶ ಕೊಡದ ಪರೀಕ್ಷೆ ಪರೀಕ್ಷೆಯೇ ಅಲ್ಲ.