ದೇಹದೊಳಗೊಂದು ಸುತ್ತು, ಭಾಗ 7: ಅಪ್ಪನ ಹೆಬ್ಬೆರಳು

ಮೊದಲ ಫೋಟೋದಲ್ಲಿರೋದು ನನ್ನ ಫಸ್ಟ್ ಪಿಯುಸಿ ರೆಕಾರ್ಡ್ ಪುಸ್ತಕದ ನರಕೋಶ. ನಕ್ಷತ್ರದ ಥರ ಕೋಶಕಾಯ, ಸುತ್ತ ಡೆಂಡ್ರೈಟ್ ಕೊಂಬೆಗಳು, ಬಾಲದ ಥರ ಆಕ್ಸಾನ್, ಅದರ ಮೇಲೆ ಮಣಿ ಪೋಣಿಸಿದ ಹಾಗೆ ಮಯಲಿನ್. ಮೇಡಂ ‘ಗುಡ್’ ಹಾಕಿದ್ರು. ನೀವೂ ಇದನ್ನೇ ಬಿಡಿಸಿರ್ತೀರಿ. ಈ ಚಿತ್ರದಲ್ಲಿ ಒಂದು ದೊಡ್ಡ ಸುಳ್ಳಿದೆ. ಅದು ನನಗೆ ಗೊತ್ತಾಗಿದ್ದು ಕ್ಲಾಸಲ್ಲಲ್ಲ, ಹೋದ ಏಪ್ರಿಲ್‌ನಲ್ಲಿ, ನಮ್ಮೂರ ದೇವಸ್ಥಾನದ ಅಂಗಳದಲ್ಲಿ.

ಮಧ್ಯಾಹ್ನ ಒಂದು ಗಂಟೆ. ಚಪ್ಪಲಿ ಹೊರಗೆ ಬಿಟ್ಟಿದ್ವಿ. ಕಲ್ಲುಚಪ್ಪಡಿ ಕಾದ ಹೆಂಚಿನ ಹಾಗಿತ್ತು. ನಾನು, ಅಮ್ಮ, ತಮ್ಮ ಕುಣೀತಾ ಕುಣೀತಾ ನೆರಳಿಗೆ ಓಡಿದ್ವಿ. ಅಪ್ಪ ಮಾತ್ರ ತಣ್ಣಗೆ ನಡ್ಕೊಂಡು ಮೂರು ಪ್ರದಕ್ಷಿಣೆ ಮುಗಿಸಿ ಬಂದ್ರು. ತಮ್ಮ ವಿಡಿಯೋ ಮಾಡಿದ್ದ. “ನೋಡ್ರೋ, ನಮ್ ಕಾಲದೋರು ಹೆಂಗೆ ಗಟ್ಟಿ” ಅಂತ ಅಪ್ಪ ನಕ್ಕಿದ್ದೂ ಅದರಲ್ಲಿದೆ. ಸಂಜೆ ಕಾಲು ತೊಳೆಯೋವಾಗ ಅಮ್ಮ ಕೂಗಿದ್ರು. ಎರಡೂ ಅಂಗಾಲಿನಲ್ಲಿ ಬೊಬ್ಬೆ, ಒಂದು ಆಗಲೇ ಒಡೆದಿತ್ತು. ಅಪ್ಪ, “ಏನೂ ನೋವಿಲ್ಲ, ಬಿಡವ್ವ” ಅಂದ್ರು. ನಿಜವಾಗ್ಲೂ ನೋವಿರಲಿಲ್ಲ.

ಈಗ ಆ ಸುಳ್ಳಿಗೆ ಬರ್ತೀನಿ. ನಮ್ಮ ಚಿತ್ರದಲ್ಲಿ ಬಾಲ ನಾಲ್ಕು ಇಂಚು, ಯಾಕಂದ್ರೆ ಹಾಳೆ ಇರೋದೇ ಅಷ್ಟು. ನಿಮ್ಮ ಹೆಬ್ಬೆರಳಿನ ಸ್ಪರ್ಶ ಹೇಳೋ ನರಕೋಶದ ಕೋಶಕಾಯ ಇರೋದು ಕಾಲಲ್ಲಲ್ಲ, ಸೊಂಟದ ಹತ್ತಿರ, ಬೆನ್ನುಹುರಿಯ ಪಕ್ಕದ ಒಂದು ಸಣ್ಣ ಗಂಟಲ್ಲಿ. ಅಲ್ಲಿಂದ ಬೆರಳಿನ ತುದಿವರೆಗೆ ಹೆಚ್ಚು ಕಡಿಮೆ 1 ಮೀಟರ್, ಒಂದೇ ಕೋಶ! ಇದಕ್ಕೆ ಆ ಚಿತ್ರದ ಕೊಂಬೆಗಳೂ ಇಲ್ಲ. ಒಂದೇ ಎಳೆ ಹೊರಟು ಎರಡಾಗಿ ಕವಲೊಡೆಯುತ್ತೆ, ಒಂದು ಕೆಳಗೆ ಚರ್ಮಕ್ಕೆ, ಇನ್ನೊಂದು ಬೆನ್ನುಹುರಿಗೆ. ಕೋಶಕಾಯವನ್ನ ಒಂದು ನಿಂಬೆಹಣ್ಣಿನಷ್ಟು ದೊಡ್ಡದು ಮಾಡಿದ್ರೆ ಅದರ ಎಳೆ 1 ಕಿಲೋಮೀಟರ್ ಉದ್ದ ಹೋಗುತ್ತೆ. ಎಳೆಯ ದಪ್ಪ ಕೆಲವದ್ದು ಹೊಲಿಗೆ ದಾರದಷ್ಟು, ಕೆಲವದ್ದು ಹಗ್ಗದಷ್ಟು. ನಿಂಬೆಹಣ್ಣು ಬಸ್ ಸ್ಟ್ಯಾಂಡಲ್ಲಿ, ದಾರದ ತುದಿ ಊರಾಚೆ.

ಆ ತುದಿಗೆ ಊಟ ಯಾರು ಕೊಡ್ತಾರೆ? ಪ್ರೋಟೀನ್ ಬಹುಪಾಲು ತಯಾರಾಗೋದು ಕೋಶಕಾಯದಲ್ಲಿ. ಆಕ್ಸಾನಿನ ಒಳಗೆ ಹಳಿಗಳ ಥರ ಸಣ್ಣ ನಾಳಗಳಿವೆ, ಅದರ ಮೇಲೆ ಕೈನೆಸಿನ್ ಅನ್ನೋ ಕೂಲಿ ಪ್ರೋಟೀನು ಮೂಟೆ ಹೊತ್ಕೊಂಡು ನಡೆಯುತ್ತೆ. ವೇಗದ ಸರಕು ದಿನಕ್ಕೆ 400 ಮಿಲಿಮೀಟರ್‌ವರೆಗೂ ಹೋಗುತ್ತೆ, ಅಂದ್ರೆ ಬೆರಳಿಗೆ ಎರಡು ಮೂರು ದಿನ. ನಿಧಾನದ ಸರಕು ದಿನಕ್ಕೆ ಒಂದೆರಡು ಮಿಲಿಮೀಟರ್. ಅದಕ್ಕೆ ವರ್ಷದ ಮೇಲೇ ಬೇಕು. (ಸಂದೇಶದ ವೇಗ ಬೇರೆ ಲೆಕ್ಕ. ದಪ್ಪ ಮಯಲಿನ್ ಇರೋ ಎಳೆಯಲ್ಲಿ ಅದು ಸೆಕೆಂಡಿಗೆ 100 ಮೀಟರ್ ದಾಟಬಹುದು, ಮಯಲಿನ್ ಇಲ್ಲದ ನೋವಿನ ಎಳೆಯಲ್ಲಿ ಬರೀ 1 ಮೀಟರ್. ಕಾಲು ಎಡವಿದಾಗ ಮೊದಲು ಚುರುಕ್ ಅಂದು, ಆಮೇಲೆ ಸಾವಕಾಶವಾಗಿ ಆ ದರಿದ್ರ ನೋವು ಬರೋದು ಇದಕ್ಕೇ.)

ಅಪ್ಪಂಗೆ ಶುಗರ್ ಬಂದು ಹನ್ನೊಂದು ವರ್ಷ. ಜಾಸ್ತಿ ಸಕ್ಕರೆ ಆಕ್ಸಾನನ್ನೂ ಕೆಡಿಸುತ್ತೆ, ಅದಕ್ಕೆ ರಕ್ತ ಕೊಡೋ ಕೂದಲೆಳೆ ನಾಳಗಳನ್ನೂ ಕೆಡಿಸುತ್ತೆ. ಮೊದಲು ಸೋಲೋದು ಅತಿ ಉದ್ದದ ಎಳೆ. ಹಾಗಾಗಿ ಬೆರಳಿಂದ ಶುರುವಾಗಿ, ಸಾಕ್ಸ್ ಏರಿಸಿದ ಹಾಗೆ ಮೇಲೆ ಬರುತ್ತೆ. ಮೊಣಕಾಲಿನ ಹತ್ತಿರ ಬರೋ ಹೊತ್ತಿಗೆ ಕೈಬೆರಳಲ್ಲೂ ಜೋಮು ಶುರು, ಯಾಕಂದ್ರೆ ಉದ್ದದಲ್ಲಿ ಮುಂದಿನ ಸರದಿ ಅವುಗಳದ್ದು.

ನನ್ನನ್ನ ಇವತ್ತಿಗೂ ಚುಚ್ಚೋದು ಇದು. ಎರಡು ವರ್ಷದ ಹಿಂದೆ ಅಪ್ಪ ರಾತ್ರಿ “ಪಾದ ಉರೀತದೆ” ಅಂತ ಎದ್ದು ಕೂರ್ತಿದ್ರು. ಅಮ್ಮ ಹರಳೆಣ್ಣೆ ಹಚ್ತಿದ್ರು. ಆರೇಳು ತಿಂಗಳಾದ ಮೇಲೆ ಉರಿ ನಿಂತಿತು. ಮನೆಯಲ್ಲೆಲ್ಲ ಖುಷಿ, ನಾನೂ ಹಾಸ್ಟೆಲ್‌ನಿಂದ ಫೋನಲ್ಲಿ “ವಾಸಿಯಾಯ್ತಲ್ಲ ಅಪ್ಪ” ಅಂದಿದ್ದೆ. ವಾಸಿ ಆಗಿರಲಿಲ್ಲ. ಉರಿ ಅಂತ ಕೂಗ್ತಿದ್ದ ಎಳೆಗಳೇ ಸತ್ತಿದ್ದವು. ಮೆಡಿಕಲ್ ಕಾಲೇಜಿನ ಬ್ಯಾಗು ಹೆಗಲಲ್ಲಿ ಹಾಕ್ಕೊಂಡಿದ್ದ ನನಗೆ ಅದು ಹೊಳೆಯಲಿಲ್ಲ.

ಬೊಬ್ಬೆ ಕಂಡ ರಾತ್ರಿ ನನ್ನ 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ತೆಗೆದೆ (ಮೂರನೇ ಫೋಟೋ). ಬಡಿದು ಅಪ್ಪನ ಹೆಬ್ಬೆರಳ ಮೂಳೆ ಮೇಲೆ ಇಟ್ಟು, “ಗೊತ್ತಾಗ್ತಿದೆಯಾ?” ಅಂತ ಕೇಳಿದೆ.

“ಏನು ಗೊತ್ತಾಗ್ಬೇಕು?” ಅಂದ್ರು.

ಅಷ್ಟು ಹೊತ್ತಿಗೆ ಫೋರ್ಕು ನನ್ನ ಬೆರಳಲ್ಲಿ ಗುಂಯ್ ಅಂತಾನೇ ಇತ್ತು.

ಗಾಯ ಮಾಯಲು ಎರಡು ತಿಂಗಳು ಹಿಡೀತು, ಸದ್ಯ ಸೋಂಕಾಗಲಿಲ್ಲ. ಈಗ ಅಪ್ಪ ಮನೆ ಒಳಗೂ ಚಪ್ಪಲಿ ಹಾಕ್ತಾರೆ, ಅಮ್ಮ ಮೊದಮೊದಲು ದೇವರ ಕೋಣೆ ಮುಂದೆ ಜಗಳ ಆಡಿದ್ರು. ರಾತ್ರಿ ಮಲಗೋ ಮುಂಚೆ ಮುಖ ನೋಡೋ ಕನ್ನಡೀನ ನೆಲದ ಮೇಲಿಟ್ಟು ಅಂಗಾಲು ನೋಡ್ಕೋತಾರೆ. ಬಿಸಿನೀರಿಗೆ ಮೊದಲು ಮೊಣಕೈ ಅದ್ದಿ ನೋಡ್ತಾರೆ, ಕಾಲಲ್ಲ.

ಊರಿಗೆ ಹೋದಾಗಲೆಲ್ಲ ಫೋರ್ಕ್ ಇಡ್ತೀನಿ. ಹೋದ ಭಾನುವಾರ ಬೆರಳಲ್ಲಿ ಏನೂ ಇಲ್ಲ. ಪಾದದ ಪಕ್ಕದ ಗಂಟು ಮೂಳೆ ಮೇಲೆ ಇಟ್ಟಾಗ ಅಪ್ಪ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಂ… ದೂರದಲ್ಲೆಲ್ಲೋ ಗಿರಣಿ ಓಡ್ದಂಗೆ” ಅಂದ್ರು. ಆರು ತಿಂಗಳ ಹಿಂದೆಯೂ ಅಲ್ಲೇ ಗೊತ್ತಾಗಿತ್ತು. ಅದಕ್ಕಿಂತ ಮೇಲೆ ಏರಿಲ್ಲ.

ಇವತ್ತು ನಿಮ್ಮ ಮನೇಲಿ ಶುಗರ್ ಇರೋರ ಸಾಕ್ಸ್ ಬಿಚ್ಚಿಸಿ ಅಂಗಾಲು ನೋಡಿ. ಏನು ಕಂಡಿತು ಅಂತ ಕೆಳಗೆ ಬರೀರಿ, ನಾನು ಒಂದೊಂದನ್ನೂ ಓದ್ತೀನಿ.