ಪ್ರಿಯೊರಾತಿನ ಕಲ್ಲುನೆಲವೂ ದ್ರಾಕ್ಷಿಯ ಬಳ್ಳಿಯೂ

ಸ್ಪೇನ್ ದೇಶದ ಈಶಾನ್ಯ ಭಾಗವಾದ ಕಟಲೋನಿಯಾ ಪ್ರಾಂತದಲ್ಲಿ, ಮೆಡಿಟರೇನಿಯನ್ ಸಮುದ್ರಕ್ಕೆ ಅನತಿದೂರದಲ್ಲಿ, ಪ್ರಿಯೊರಾತ್ ಎಂಬ ಬೆಟ್ಟದ ಸೀಮೆಯೊಂದಿರುವುದು. ಬಾರ್ಸಿಲೋನಾ ನಗರದಿಂದ ರೈಲಿನಲ್ಲಿ ಹೊರಟು, ಫಾಲ್ಸೆಟ್ ಪೇಟೆಯ ಬಳಿ ಇಳಿದು, ಗ್ರತಲ್ಯೋಪ್ಸ್ ಎಂಬ ಹಳ್ಳಿಗೆ ಹೋಗುವ ಸುತ್ತುಬಳಸಿನ ದಾರಿಯನ್ನು ಹಿಡಿದೆವು. ಈ ಸೀಮೆಯ ಕೆಂಪು ದ್ರಾಕ್ಷಾಸವವು ಲೋಕಪ್ರಸಿದ್ಧವಾದುದು. ನಮ್ಮ ವಾಚಕರಲ್ಲಿ ಅನೇಕರು ಅದನ್ನು ಮುಟ್ಟದವರು. ಅವರಿಗೆ ಅದರ ರುಚಿ ಹತ್ತಿಸುವ ಉದ್ದೇಶವು ನಮಗಿಲ್ಲ. ಆದರೆ ಇಂತಹ ಬಡನೆಲದಲ್ಲಿ ಒಕ್ಕಲಿಗರು ಬಳ್ಳಿಯನ್ನು ಉಳಿಸಿಕೊಂಡು ಬಂದ ವೃತ್ತಾಂತವು ಎಲ್ಲರೂ ತಿಳಿಯತಕ್ಕುದಾಗಿದೆ.

ಇಲ್ಲಿ ಮಣ್ಣೆಂಬುದು ಹೆಸರಿಗೆ ಮಾತ್ರ. ನಮ್ಮ ಮಕ್ಕಳು ಅಕ್ಷರ ತಿದ್ದುತ್ತಿದ್ದ ಸ್ಲೇಟಿನ ಜಾತಿಯ ಕಪ್ಪುಕಲ್ಲು ಹಾಳೆಹಾಳೆಯಾಗಿ ಒಡೆದು ಇಳಿಜಾರನ್ನೆಲ್ಲ ಮುಚ್ಚಿರುವುದು. ಅದನ್ನು ಅಲ್ಲಿಯವರು ಲಿಕೊರೆಲ್ಯಾ ಎನ್ನುವರು. ಮಳೆಯ ನೀರು ಮೇಲೆ ನಿಲ್ಲುವುದಿಲ್ಲ. ಬೇಸಗೆಯ ಬಿಸಿಲಿಗೆ ಕಲ್ಲು ಕಾಯುವುದು. ಬಳ್ಳಿಯ ಬೇರುಗಳು ಕಲ್ಲಿನ ಬಿರುಕುಗಳನ್ನು ಹುಡುಕಿಕೊಂಡು ತೇವವಿರುವ ಆಳಕ್ಕೆ ಇಳಿಯಬೇಕು. ಹಳೆಯ ತೋಟಗಳಲ್ಲಿ ಚಪ್ಪರವಿಲ್ಲ. ಬಳ್ಳಿಗಳು ಕುಳ್ಳಾದ ಪೊದೆಗಳಂತೆ ನಿಂತಿರುವುವು. ಇಳಿಜಾರು ಬಹಳ ಕಡಿದಾದ ಕಡೆ ಯಂತ್ರವು ಹತ್ತಲಾರದು. ಕೈಯೂ ಹೇಸರಗತ್ತೆಯೂ ಸೇರಿಯೇ ಕೆಲಸ ನಡೆಯಬೇಕು.

ಇಲ್ಲಿಯ ಮುಖ್ಯವಾದ ಹಣ್ಣು ಗಾರ್ನಾಚಾ. ಫ್ರೆಂಚರು ಇದನ್ನು ಗ್ರನಾಶ್ ಎಂದು ಕರೆಯುವರು. ಇದು ಬಿಸಿಲನ್ನೂ ಗಾಳಿಯನ್ನೂ ತಾಳಿಕೊಂಡು, ತಡವಾಗಿ ಮಾಗಿ, ಹೇರಳವಾಗಿ ಸಕ್ಕರೆಯನ್ನು ತುಂಬಿಕೊಳ್ಳುವ ಜಾತಿ. ಇದರೊಡನೆ ಕಾರಿನ್ಯೇನಾ ಎಂಬ ಮತ್ತೊಂದು ಹಣ್ಣನ್ನು ಬೆರೆಸುವುದುಂಟು. ಇಷ್ಟು ಸಿಹಿಯಾದ ಹಣ್ಣಿನ ಆಸವವು ಸಿಹಿಯಿಲ್ಲದುದು ಹೇಗಾಯಿತೆಂದು ವಾಚಕರು ಕೇಳಬಹುದು. ಹುದುಗುವ ಕಾಲದಲ್ಲಿ ಸಕ್ಕರೆಯು ಬಹುಮಟ್ಟಿಗೆ ಮದ್ಯಸಾರವಾಗಿ ಮಾರ್ಪಡುವುದೇ ಇದಕ್ಕೆ ಕಾರಣ. ಸಿಪ್ಪೆಯು ರಸದಲ್ಲಿಯೇ ನೆನೆಯುವುದರಿಂದ ಕೆಂಪು ಬಣ್ಣವೂ ಒಗರೂ ಬರುವುವು. ಮದ್ಯಸಾರವು ಅನೇಕ ವೇಳೆ ನೂರಕ್ಕೆ 14, 15ರಷ್ಟಿರುವುದು.

ಈ ಸೀಮೆಗೆ ಹೆಸರು ಬಂದುದು ಕ್ರೈಸ್ತ ಸನ್ಯಾಸಿಗಳ ಮಠದಿಂದ. 12ನೆಯ ಶತಮಾನದಲ್ಲಿ ಕಾರ್ಥೂಸಿಯನ್ ಪಂಥದವರು ಮೊಂತ್ಸಾಂತ್ ಬೆಟ್ಟದ ಬುಡದಲ್ಲಿ ನೆಲಸಿದರು. ಪೈನ್ ಮರಕ್ಕೆ ಒರಗಿದ ಏಣಿಯಿಂದ ದೇವದೂತರು ಆಕಾಶಕ್ಕೇರುವುದನ್ನು ಕುರುಬನೊಬ್ಬನು ಕಂಡನೆಂದು ಐತಿಹ್ಯವಿರುವುದರಿಂದ, ಮಠಕ್ಕೆ ಸ್ಕಾಲಾ ದೇಯಿ, ಅಂದರೆ ದೇವರ ಏಣಿ, ಎಂದು ಹೆಸರಾಯಿತು. ಮಠಾಧಿಪತಿಗೆ ಪ್ರಿಯರ್ ಎಂದು ಹೆಸರು. ಆತನ ಸೀಮೆಯೇ ಪ್ರಿಯೊರಾತ್. ದ್ರಾಕ್ಷಿಯ ಬೇಸಾಯವನ್ನು ಶತಮಾನಗಳ ಕಾಲ ಈ ಮಠದವರು ಪೋಷಿಸಿದರು. 1835ರಲ್ಲಿ ಸರಕಾರವು ಮಠಗಳನ್ನು ಮುಚ್ಚಿಸಿದಾಗ ಅವರು ಹೊರಡಬೇಕಾಯಿತು. ಈಗ ಅಲ್ಲಿ ಪಾಳುಗೋಡೆಗಳೂ ಜೀರ್ಣೋದ್ಧಾರವಾದ ಕೆಲವು ಭಾಗಗಳೂ ಉಳಿದಿರುವುವು.

ಮಠ ಹೋದರೂ ಬಳ್ಳಿ ಉಳಿದಿದ್ದಿತು. ಆದರೆ 19ನೆಯ ಶತಮಾನದ ಕೊನೆಗೆ ಅಮೆರಿಕದಿಂದ ಯೂರೋಪಿಗೆ ಬಂದಿದ್ದ ಫಿಲಾಕ್ಸೆರಾ ಎಂಬ ಹೇನಿನಂತಹ ಕೀಟವು ಇಲ್ಲಿಗೂ ತಲಪಿ ಬೇರನ್ನು ಹೀರಿತು. ತೋಟಗಳು ಒಣಗಿದುವು, ಜನರು ಊರುಬಿಟ್ಟರು. ಅಮೆರಿಕದ ಬೇರಿಗೆ ಊರಿನ ಬಳ್ಳಿಯನ್ನು ಕಸಿಮಾಡಿ ಮತ್ತೆ ನೆಟ್ಟವರು ಕೆಲವರೇ. ಅವರ ಮಕ್ಕಳಲ್ಲಿಯೂ ಅನೇಕರು ಕೂಲಿ ಹುಡುಕಿಕೊಂಡು ನಗರ ಸೇರಿದರು. ಹಳ್ಳಿಯಲ್ಲಿ ನಿಂತ ಮುದುಕರು ಲಾಭವಿಲ್ಲದಿದ್ದರೂ ವರ್ಷವರ್ಷವೂ ಬಳ್ಳಿಯನ್ನು ಸವರಿದರು.

ಆ ಹಟದ ಬೆಲೆ ಬಹುಕಾಲದ ಮೇಲೆ ತಿಳಿಯಿತು. ರೆನೆ ಬಾರ್ಬಿಯೇ, ಆಲ್ವರೋ ಪಲಾಸಿಯೋಸ್ ಮೊದಲಾದವರು ಗ್ರತಲ್ಯೋಪ್ಸಿಗೆ ಬಂದು ನೆಲಸಿ, 1989ರ ಫಸಲಿನಿಂದ ಕೂಡಿ ಆಸವವನ್ನು ತಯಾರಿಸಿದರು. ಹಳೆಯ ಬಳ್ಳಿಯೊಂದು ಒಂದು ಕಿಲೋಗ್ರಾಂ ಹಣ್ಣನ್ನೂ ಕೊಡದಿರುವುದುಂಟು. ಕೊಡುವಷ್ಟರಲ್ಲಿ ಮಾತ್ರ ಸಾರವು ದಟ್ಟವಾಗಿರುವುದು. ಮೊದಲು ದಾರಿದ್ರ್ಯವೆನಿಸಿದ್ದುದೇ ಈಗ ಐಶ್ವರ್ಯವಾಯಿತು. ಸ್ಪೇನಿನ ದ್ರಾಕ್ಷಾಸವಗಳಿಗಿರುವ ಅತ್ಯುನ್ನತ ದರ್ಜೆಯು ಇಂದು ರಿಯೋಹಾ, ಪ್ರಿಯೊರಾತ್ ಎಂಬ ಎರಡು ಸೀಮೆಗಳಿಗೆ ಮಾತ್ರ ಸಂದಿರುವುದು.

ಹಾಗೆಂದು ಇಲ್ಲಿಯ ಒಕ್ಕಲಿಗನು ನಿಶ್ಚಿಂತನಲ್ಲ. 2021ರಿಂದ 2024ರವರೆಗೆ ಕಟಲೋನಿಯಾವನ್ನು ಕಾಡಿದ ಅನಾವೃಷ್ಟಿಯಲ್ಲಿ ಈ ಆಳವಾದ ಬೇರುಗಳೂ ಬಳಲಿದುವು. ಬಾಡಿದ ಹೊಸ ಬಳ್ಳಿಯನ್ನು ಮತ್ತೆ ನೆಡಬಹುದು. ಅಜ್ಜನು ನೆಟ್ಟ ಬಳ್ಳಿಯು ಹೋದರೆ, ಅದರಂತಹುದು ಮೊಮ್ಮಗನ ಕಾಲಕ್ಕಲ್ಲದೆ ಬಾರದು. ಇದನ್ನು ಬಲ್ಲವರಾದುದರಿಂದಲೇ ಆ ಜನರು ಒಂದೊಂದು ಹಳೆಯ ಬುಡವನ್ನೂ ಮನೆಯ ಹಿರಿಯರಂತೆ ನೋಡಿಕೊಳ್ಳುವರು.